ಅನ್ನ ಬಿಟ್ಟವರು

ಸೋಮವಾರ ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆಯುತ್ತಿದ್ದ ಮೋಹನ್‌ಕುಮಾರನಿಗೆ ಮೊದಲು ಕಂಡದ್ದು ಡಬ್ಬಿಗಳು. ಒಂದನೇ ತರಗತಿಯ ಪುಟಾಣಿಯೊಂದು ಕೆಂಪು ಪ್ಲಾಸ್ಟಿಕ್ ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಬರುತ್ತಿತ್ತು. ಅದರ ಹಿಂದೆ ಇನ್ನೊಂದು, ಸ್ಟೀಲಿನದು, ಮುಚ್ಚಳ ಸರಿಯಾಗಿ ಕೂರದೆ ಚೀಲದ ತಳವೆಲ್ಲ ಎಣ್ಣೆಯಾಗಿತ್ತು. ಬಿಸಿಯೂಟ ಕೊಡುವ ಸರ್ಕಾರಿ ಶಾಲೆಗೆ ಮನೆಯಿಂದ ಬುತ್ತಿ ಯಾಕ್ರೋ ಎಂದು ಕೇಳಬೇಕಾದ ಹೆಡ್‌ಮಾಸ್ಟರು ಅವನೇ. ಕೇಳಲಿಲ್ಲ. ಕೇಳಿದರೆ ಏನಾದರೊಂದು ಹೇಳುತ್ತವೆ, ಹೇಳಿದರೆ ಅದನ್ನು ಕೇಳಿಸಿಕೊಳ್ಳಬೇಕಾಗುತ್ತದೆ. ಪ್ರಾರ್ಥನೆಯ ಬೆಲ್ ಹೊಡೆಯುವ ಹೊತ್ತಿಗೆ ಹತ್ತೊಂಬತ್ತು ಡಬ್ಬಿ ಎಣಿಸಿದ್ದ. ಶುಕ್ರವಾರದವರೆಗೆ ಒಂದೂ ಇರಲಿಲ್ಲ. ಅಡುಗೆಮನೆಯಿಂದ ಬೇಳೆ ಬೇಯುವ ವಾಸನೆ ಬರುತ್ತಿತ್ತು. ಮಾಯಮ್ಮ ಎಂದಿನಂತೆ ಅರವತ್ತೊಂದು ಮಕ್ಕಳಿಗೂ ಅಕ್ಕಿ ಅಳೆದು ಹಾಕಿರುತ್ತಾಳೆ. ಹನ್ನೊಂದು ವರ್ಷದಿಂದ ಇಲ್ಲಿ ಸೌಟು ಹಿಡಿದವಳು. ಅವಳ ಕೈ ಅನ್ನವನ್ನು ಇನ್ನು ಮೇಲೆ ಈ ಊರಿನ ಮಕ್ಕಳು ತಿನ್ನುತ್ತವೋ ಇಲ್ಲವೋ ಅನ್ನುವುದು ಇವತ್ತು ಮಧ್ಯಾಹ್ನ ಗೊತ್ತಾಗುತ್ತದೆ. ಅದನ್ನು ನೋಡಲಿಕ್ಕಾದರೂ ರಜ ಹಾಕದೆ ಬಂದೆನಲ್ಲ ಎಂದು ತನ್ನ ಬೆನ್ನು ತಾನೇ ತಟ್ಟಿಕೊಳ್ಳಲು ಹೋದ. ಅಷ್ಟು ಶಕ್ತಿಯೂ ಇರಲಿಲ್ಲ.

ಶನಿವಾರದ ಸಭೆ ಚೆನ್ನಾಗಿಯೇ ಆಯಿತೆಂದು ಅವನು ನಿನ್ನೆಯೆಲ್ಲ ಅಂದುಕೊಂಡಿದ್ದ. ಹೊಳೆನರಸೀಪುರದ ಮನೆಯಲ್ಲಿ ಮಂಚದ ಮೇಲೆ ಬಿದ್ದುಕೊಂಡು ಫ್ಯಾನು ನೋಡುತ್ತ, ಆಡಿದ ಮಾತನ್ನೆಲ್ಲ ಇನ್ನೊಂದು ಸಲ ಆಡಿಕೊಂಡಿದ್ದ. ಅರ್ಧ ದಿನದ ಶಾಲೆ ಬಿಟ್ಟ ಮೇಲೆ ತಂದೆತಾಯಿಗಳು ನಲವತ್ತು ಜನವಾದರೂ ಬಂದಿದ್ದರು. ಜಗಲಿಯಲ್ಲಿ ಜಮಖಾನ ಹಾಸಿ, ಮುಂದೆ ಎರಡು ಕುರ್ಚಿ ಹಾಕಿಸಿದ್ದ. ಒಂದು ತನಗೆ, ಇನ್ನೊಂದು ಮಾಯಮ್ಮನಿಗೆ. ಅವಳು ಪಾತ್ರೆ ತಿಕ್ಕುವುದನ್ನು ಬಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ನಾನ್ಯಾಕ್ ಸಾ ಅಲ್ಲಿ, ಒಂದ್ ಮಾತಿತ್ತು ಎಂದಳು. ಆಮೇಲೆ ಹೇಳಿ, ಇದೆಲ್ಲ ನಿಮಗೋಸ್ಕರವೇ ಎಂದು ಇವನೇ ತೋಳು ಹಿಡಿಯುವಷ್ಟು ಹತ್ತಿರ ಹೋಗಿ ಕೂರಿಸಿದ. ಅವಳು ಕುರ್ಚಿಯ ತುದಿಯಲ್ಲಿ, ಬಸ್ಸಿನಲ್ಲಿ ಬೇರೆಯವರ ಸೀಟು ಹಿಡಿದುಕೊಂಡಿರುವವಳಂತೆ ಕೂತಳು. ಆಮೇಲೆ ಇವನು ಎದ್ದು ನಿಂತು, ಮಾಯಮ್ಮ ಪರಿಶಿಷ್ಟ ಜಾತಿಯವರು ಅನ್ನುವ ಒಂದೇ ಕಾರಣಕ್ಕೆ ಅವರು ಬೇಯಿಸಿದ್ದನ್ನು ತಿನ್ನಬೇಡ ಎಂದು ಯಾರ ಮನೆಯಲ್ಲಿ ಹೇಳಿಕೊಟ್ಟಿದ್ದೀರೋ ಅವರು ಕಿವಿಗೊಟ್ಟು ಕೇಳಿ ಎಂದು ಶುರುಮಾಡಿ, ಕಾಯ್ದೆ ಓದಿ, ಎಷ್ಟು ವರ್ಷ ಒಳಗೆ ಕೂರಬೇಕಾಗುತ್ತದೆ ಎಂಬುದನ್ನೂ ಹೇಳಿದ. ಮನೆಗೆ ಹೋಗಬೇಕಿದ್ದ ಮಕ್ಕಳು ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡು ನೋಡುತ್ತಿದ್ದವು. ನಡುವೆ ಒಂದು ಕಡೆ ಇವನ ಗಂಟಲು ಕಟ್ಟಿತು. ಹಾಗೆ ಕಟ್ಟಿದ್ದು ತನಗೆ ಇಷ್ಟವಾಯಿತು ಅನ್ನುವುದನ್ನು ನಿನ್ನೆ ಸಂಜೆ ಕಾಫಿ ಕುಡಿಯುವಾಗ ಒಪ್ಪಿಕೊಂಡು ಸುಮ್ಮನಾಗಿದ್ದ. ಶಾಲೆಯ ಎಸ್‌ಡಿಎಂಸಿ ಸಮಿತಿಯ ಅಧ್ಯಕ್ಷ ಅನಿಲ್‌ಕುಮಾರ್ ಎದ್ದು ಕೈ ಮುಗಿದು, ನಮ್ಮನೇಲಿ ಅಂಗೆಲ್ಲ ಯೋಳ್ಕೊಟ್ಟಿಲ್ಲ ಸಾ ಎಂದ. ಹಾಗಾದರೆ ನಿಮ್ಮ ಮಗಳು ಅನುಶ್ರೀ ಯಾಕೆ ಅನ್ನ ಚೆಲ್ಲುತ್ತಾಳೆ ಹೇಳಿ ಎಂದು ಇವನು ಎಲ್ಲರೆದುರಿಗೆ ಕೇಳಿದ. ಅನಿಲ್‌ಕುಮಾರನ ಮನೆಯ ಮದುವೆಯಲ್ಲಿ ಕಾಲೋನಿಯವರಿಗೆ ಕಡೇ ಪಂಕ್ತಿ ಎಂಬುದು ಊರಿಗೆಲ್ಲ ಗೊತ್ತು. ಗೊತ್ತಿದ್ದುದರಿಂದಲೇ ಯಾರೂ ಅವನ ಪರ ಮಾತಾಡಲಿಲ್ಲ. ಅವನು ಕುಳಿತುಕೊಂಡ.

ಶುರುವಾದದ್ದು ಎರಡು ವಾರದ ಹಿಂದೆ. ಏಳನೇ ತರಗತಿಯ ಹುಡುಗಿಯರು ತಟ್ಟೆ ತುಂಬ ಬಡಿಸಿಕೊಂಡು, ನಲ್ಲಿಯ ಹಿಂದೆ ಹೋಗಿ, ನಾಯಿಗೆ ಸುರಿದು ಬರುತ್ತಿದ್ದರು. ಮೊದಲ ದಿನ ಹೊಟ್ಟೆನೋವೇನೋ ಅಂದುಕೊಂಡ. ಮೂರನೇ ದಿನ ಆಫೀಸು ರೂಮಿನ ಕಿಟಕಿಯಿಂದ ನಿಂತು ನೋಡಿದ. ಅನುಶ್ರೀ ತಟ್ಟೆ ತೊಳೆದು, ಸೋಪು ಹಚ್ಚಿ ಕೈ ತೊಳೆದು, ಬೆರಳು ಮೂಗಿನ ಹತ್ತಿರ ಹಿಡಿದು ಮೂಸಿ, ಮತ್ತೆ ಸೋಪು ಹಚ್ಚಿದಳು. ಆ ಮೂಸುವುದನ್ನು ನೋಡಿ ಇವನು ಕಿಟಕಿಯಿಂದ ಹಿಂದಕ್ಕೆ ಸರಿದ. ಅಬ್ಬಾ, ಈ ವಯಸ್ಸಿಗೇ ಇಷ್ಟು ಮೈಲಿಗೆಯೇ ಅನ್ನಿಸಿತು. ಡೈರಿಯ ಹಿಂದಿನ ಹಾಳೆಯಲ್ಲಿ ಹೆಸರು ಬರೆದ. ಅನುಶ್ರೀ, ಇನ್ನು ಮೂವರು. ನಾಲ್ಕಕ್ಕೆ ನಾಲ್ಕೂ ಮೇಲಿನ ಬೀದಿಯವು. ಹಾಳೆ ಮಡಿಸುವಾಗ ಮನಸ್ಸಿನಲ್ಲಿ ಒಂದು ಬಗೆಯ ತೃಪ್ತಿಯಾಯಿತು. ಬೇರೆ ತಾಲ್ಲೂಕಿನಲ್ಲಿ ಇಂಥದೇ ವಿಷಯವನ್ನು ಮೇಲಕ್ಕೆ ತಿಳಿಸಲಿಲ್ಲವೆಂದು ಒಬ್ಬ ಹೆಡ್‌ಮಾಸ್ಟರು ಸಸ್ಪೆಂಡ್ ಆಗಿದ್ದ. ಇವನಿಗೆ ರಿಟೈರ್ ಆಗಲು ನಾಲ್ಕು ವರ್ಷ ಬಾಕಿ. ತಾನು ಹೆದರಿದ್ದು ಹೆಚ್ಚೋ, ನೊಂದದ್ದು ಹೆಚ್ಚೋ ಎಂದು ತೂಗಿ ನೋಡುವ ತ್ರಾಣ ಈ ವಯಸ್ಸಿನಲ್ಲಿ ಯಾರಿಗಿರುತ್ತದೆ? ಆ ದಿನಗಳಲ್ಲಿ ಅವನು ತಾನೇ ಸರಿಯಾಗಿ ತಿನ್ನುತ್ತಿರಲಿಲ್ಲ. ಸಕ್ಕರೆ ಕಾಯಿಲೆಗೆ ಅನ್ನವೇ ಶತ್ರು ಎಂದು ಫೋನಿನಲ್ಲಿ ಬಿಳಿ ಕೋಟಿನವನೊಬ್ಬ ದಿನಾ ಹೇಳುತ್ತಿದ್ದ. ಅವನ ಮಾತು ಕೇಳಿ ಬೆಳಿಗ್ಗೆ ನೆನೆಸಿದ ಮೆಂತ್ಯ ನುಂಗಿ, ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು ಸೌತೆಕಾಯಿ ಅಗಿಯುತ್ತಿದ್ದ. ಇವತ್ತು ಫೋನ್ ಡಾಕ್ಟ್ರು ಏನ್ ಬಿಡು ಅಂದ್ರು ಎಂದು ಹೆಂಡತಿ ಬೇಕಂತಲೇ ಕೇಳುತ್ತಿದ್ದಳು. ಹಸಿದ ಹೊಟ್ಟೆಯಲ್ಲಿ ನ್ಯಾಯ ಅನ್ಯಾಯ ಎಲ್ಲ ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು.

ಚನ್ನರಾಯಪಟ್ಟಣದ ಕಡೆಯ ಹುಟ್ಟೂರಿನಲ್ಲಿ, ತನ್ನ ಮನೆಯ ದನ ನೋಡಿಕೊಳ್ಳುತ್ತಿದ್ದ ಮಂಚಯ್ಯನ ಗುಡಿಸಲಿಗೆ ಹತ್ತು ವರ್ಷದ ಮೋಹನ ಒಂದು ದಿನ ನುಗ್ಗಿದ್ದ. ಸ್ಕೂಲಿನಿಂದ ಬರುವಾಗ ವಿಪರೀತ ಹಸಿವು. ಮಂಚಯ್ಯನ ಹೆಂಡತಿ ಮುದ್ದೆ ಕಟ್ಟುತ್ತಿದ್ದಳು. ಕೊಡು ಎಂದು ಇವನೇ ಕೇಳಿದ. ಬ್ಯಾಡ ಕಣ್ ಮಗ, ಗೌಡ್ರು ಬೈತಾರೆ ಎಂದು ಅವಳು ಎರಡು ಸಲ ಅಂದಳು. ಇವನು ಅತ್ತ. ಕೊಟ್ಟಳು. ಉಪ್ಪುಸಾರು, ಮುದ್ದೆ, ಒಂದು ಹಸಿಮೆಣಸಿನಕಾಯಿ. ಬಾಯಿ ಒರೆಸಿಕೊಳ್ಳದೆ ಮನೆಗೆ ಬಂದ, ಅಮ್ಮ ಕಂಡುಹಿಡಿದಳು, ಮಂಚಯ್ಯನನ್ನು ಕರೆಸಿ ಅಂಗಳದಲ್ಲಿ ನಿಲ್ಲಿಸಿದರು. ಅವರೇ ಕೊಟ್ರಾ ಎಂದು ಅಪ್ಪ ಕೇಳಿದಾಗ ಇವನು ಹೂಂ ಎಂದ. ಕೇಳಿ ಇಸ್ಕೊಂಡೆ ಅನ್ನಲಿಲ್ಲ. ಮಂಚಯ್ಯ ಇವನ ಕಡೆ ನೋಡಿದ, ಆಮೇಲೆ ನೆಲ ನೋಡಿದ, ತೆಪ್ಪಾಯ್ತು ಗೌಡ್ರೆ ಎಂದ. ಅಷ್ಟೇ ಆದದ್ದು. ಹೊಡೆಯಲಿಲ್ಲ ಬಡಿಯಲಿಲ್ಲ. ಇದನ್ನು ಯಾರಿಗೂ ಹೇಳಿಕೊಂಡಿಲ್ಲ. ಹೇಳಿದರೆ ಇಷ್ಟೇನಾ ಅಂದಾರು. ಆದರೆ ಡೈರಿಯಲ್ಲಿ ನಾಲ್ಕು ಹೆಸರು ಬರೆದ ದಿನ, ನಲವತ್ತಾರು ವರ್ಷದಿಂದ ಗಂಟಲಲ್ಲಿ ಕೂತ ಆ ತುತ್ತು ಇನ್ನೇನು ಇಳಿಯುತ್ತದೆ ಅನ್ನಿಸಿತ್ತು.

ಪ್ರಾರ್ಥನೆ ಮುಗಿಯಿತು. ಅನುಶ್ರೀ ಸಾಲಿನಲ್ಲಿ ನಿಂತಿದ್ದಳು, ಎಡಗೆನ್ನೆ ಸ್ವಲ್ಪ ಊದಿತ್ತು. ಮನೆಯಲ್ಲಿ ಏಟು ಬಿದ್ದಿದೆ. ಅದಕ್ಕೂ ತಾನೇ ಕಾರಣ ಎಂದು ಗೊತ್ತಾಗಿ, ಎರಡನೇ ಪಿರಿಯಡ್ಡಿನಲ್ಲಿ ಅವಳನ್ನು ಆಫೀಸು ರೂಮಿಗೆ ಕರೆಸಿದ. ಕೂತ್ಕೊಮ್ಮ ಎಂದ. ಕೂರಲಿಲ್ಲ. ಹೆದರಬೇಡ, ಮನೆಯಲ್ಲಿ ಯಾರು ನಿನಗೆ ಹಾಗೆ ಹೇಳಿಕೊಟ್ಟದ್ದು, ಅಪ್ಪನಾ, ಅಜ್ಜಿಯಾ ಎಂದು ಆದಷ್ಟು ಮೆತ್ತಗೆ ಕೇಳಿದ. ಅವಳು ಎಡಗೈ ಮಣಿಕಟ್ಟನ್ನು ಬಲಗೈಯ ಹೆಬ್ಬೆರಳು ನಡುಬೆರಳಿನಿಂದ ಸುತ್ತಿ ಹಿಡಿದುಕೊಂಡು ನಿಂತಳು. ಕೈ ಯಾಕೆ ಅಷ್ಟೊಂದು ತೊಳೀತಿದ್ದೆ ಎಂದ. ಅವಳ ಕಣ್ಣಲ್ಲಿ ನೀರು ಬಂತು. ಇವನಿಗೆ ಸುಸ್ತಾಗತೊಡಗಿತು. ಮೂವತ್ತು ವರ್ಷ ಮಕ್ಕಳ ಮುಂದೆ ನಿಂತವನಿಗೆ ಒಂದು ಮಗುವಿನ ಬಾಯಿ ಬಿಡಿಸಲಾಗದೆ ನಾಚಿಕೆಯೂ ಆಯಿತು. ಆಗ ಬಾಗಿಲಲ್ಲಿ ಕವನಾ ಕಂಡಳು. ಅದೇ ಏಳನೇ ತರಗತಿ, ಕಾಲೋನಿಯ ಹುಡುಗಿ, ಮಾಯಮ್ಮನ ತಂಗಿಯ ಮೊಮ್ಮಗಳು. ಹಾಜರಿ ಪುಸ್ತಕ ಕೊಡಲು ಬಂದವಳು ಕೊಡದೆ ಹಾಗೇ ನಿಂತಿದ್ದಳು.

“ನಾನೂ ತಿಂತಿರ್ಲಿಲ್ಲ ಸಾ,” ಎಂದಳು. “ನಾವು ಐದ್ ಜನ. ನೀವು ನನ್ ಹೆಸ್ರು ಬರ್ಕಳ್ಳಿಲ್ಲ.”

ಇವನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದದ್ದು ನಿಧಾನವಾಗಿ, ಅವಳು ಹೇಳುತ್ತ ಹೋದ ಹಾಗೆ. ರೀಲ್ಸಿನಲ್ಲಿ ಒಬ್ಬ ಅಕ್ಕ ಬರುತ್ತಾಳೆ. ಯಾವ ಊರಿನವಳೋ ಗೊತ್ತಿಲ್ಲ, ಕನ್ನಡದಲ್ಲೇ ಮಾತಾಡುತ್ತಾಳೆ. ಇಪ್ಪತ್ತೊಂದು ದಿನ ಅನ್ನ ಬಿಟ್ಟರೆ ಹೊಟ್ಟೆ ಒಳಗೆ ಹೋಗಿ ಮುಖಕ್ಕೆ ಗ್ಲೋ ಬರುತ್ತದೆ ಎಂದು ಚಾಲೆಂಜ್ ಕೊಟ್ಟಿದ್ದಾಳೆ. ಮಣಿಕಟ್ಟಿನ ಸುತ್ತ ಬೆರಳು ಎಷ್ಟು ಸಡಿಲವಾಗಿ ಕೂಡುತ್ತದೆ ಎಂದು ದಿನಾ ನೋಡಿಕೊಳ್ಳಬೇಕು. ಅನುಶ್ರೀ ಅವರಮ್ಮನ ಫೋನಿನಿಂದ ಐವರದೂ ಫೋಟೋ ತೆಗೆದು ಹಾಕುತ್ತಾಳೆ. ತಟ್ಟೆ ತುಂಬ ಬಡಿಸಿಕೊಂಡು ಚೆಲ್ಲಬೇಕು, ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ, ಅದಕ್ಕೆ. ಮತ್ತೆ ಸಾರಿನ ವಾಸನೆ ಕೈಯಲ್ಲಿ ಉಳಿದರೆ ಮಧ್ಯಾಹ್ನವೆಲ್ಲ ಹಸಿವಾಗುತ್ತದೆ, ಗಣಿತದ ಪಿರಿಯಡ್ಡಿನಲ್ಲಿ ಕಣ್ಣು ಕತ್ತಲೆ ಬರುತ್ತದೆ, ಅದಕ್ಕೇ ಅನು ಸೋಪು ಹಾಕಿ ತೊಳೆಯುತ್ತಿದ್ದದ್ದು. ನನಗೆ ಹನ್ನೆರಡು ದಿನ ಆಗಿತ್ತು ಸಾ, ಎಲ್ಲರಿಗಿಂತ ನನ್ನದೇ ಜಾಸ್ತಿ ಎಂದು ಕವನಾ ಹೇಳುವಾಗ ಅವಳ ದನಿಯಲ್ಲಿ ಅಳುಕಿನ ಜೊತೆ ಸಣ್ಣ ಹೆಮ್ಮೆಯೂ ಇತ್ತು. ತುಟಿ ಒಣಗಿ ಬಿರಿದಿತ್ತು. ಇವನು ಅವಳನ್ನು ದಿನಾ ನೋಡಿದ್ದ. ನಲ್ಲಿಯ ಹಿಂದೆ, ಆ ನಾಲ್ವರ ಪಕ್ಕದಲ್ಲೇ, ತಟ್ಟೆ ಬೋರಲು ಹಾಕುತ್ತಿದ್ದವಳನ್ನು ಖಂಡಿತ ನೋಡಿದ್ದ. ಕಾಲೋನಿಯ ಹುಡುಗಿ ಮಾಯಮ್ಮನ ಅನ್ನ ಬೇಡವೆನ್ನಲು ಕಾರಣವೇ ಇಲ್ಲವಾದ್ದರಿಂದ ಅವಳು ಲೆಕ್ಕಕ್ಕೆ ಬಂದಿರಲಿಲ್ಲ. ಐದು ಹುಡುಗಿಯರು ಹಸಿದುಕೊಂಡಿದ್ದರು, ಇವನಿಗೆ ನಾಲ್ಕು ಜಾತಿವಾದಿಗಳು ಕಂಡಿದ್ದರು. ಶನಿವಾರ ನಿಮ್ಮಪ್ಪನ ಹತ್ತಿರ ಯಾಕಮ್ಮ ಹೇಳಲಿಲ್ಲ ಎಂದು ಅನುಶ್ರೀಯನ್ನು ಕೇಳಿದ. ಹೇಳಿದರೆ ಫೋನು ಕಿತ್ತುಕೊಳ್ಳುತ್ತಾರೆ ಎಂದಳು. ಅದೇ ಅವಳು ಆಡಿದ ಮೊದಲ ಮಾತು. ಕೆನ್ನೆ ಮುಟ್ಟಿಕೊಂಡು, ಅಪ್ಪ ಅಜ್ಜಿಗೂ ಬೈದ್ರು ಸಾ, ನೀನೇ ಯೋಳ್ಕೊಟ್ಟಿರ್ಬೇಕು ಅಂತ ಎಂದಳು. ಇಬ್ಬರನ್ನೂ ಕ್ಲಾಸಿಗೆ ಕಳಿಸಿದ. ಫೋನ್ ನೋಡಬೇಡಿ, ಚೆನ್ನಾಗಿ ತಿನ್ನಿ ಎಂದೇನೋ ಅಂದ. ಅವನ ಜೇಬಿನಲ್ಲಿದ್ದ ಫೋನು ಒಂದು ಸಲ ನಡುಗಿ ಸುಮ್ಮನಾಯಿತು.

ಆಮೇಲೆ ಬಹಳ ಹೊತ್ತು ಕುರ್ಚಿಯಿಂದ ಏಳಲಿಲ್ಲ. ಮೊದಲು ಬಂದದ್ದು, ಹೇಳಲೂ ನಾಚಿಕೆ, ನಿರಾಳ. ಸದ್ಯ, ಮೇಲಕ್ಕೆ ಪತ್ರ ಬರೆದಿರಲಿಲ್ಲ. ಎರಡನೆಯದು ಒಂದು ಬಗೆಯ ಸಿಟ್ಟು, ಆ ಕಾಣದ ಊರಿನ ಅಕ್ಕನ ಮೇಲೆ, ಹಾಳಾದ ಫೋನಿನ ಮೇಲೆ, ಫೋನು ಕೈಗೆ ಕೊಟ್ಟು ಹಾಯಾಗಿರುವ ತಾಯಂದಿರ ಮೇಲೆ. ಅದೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮತ್ತೊಂದು ಸಭೆ ಕರೆದು, ಅದು ಜಾತಿಯಲ್ಲ, ಬರೀ ರೀಲ್ಸು, ನನ್ನದು ತಪ್ಪು ತಿಳಿವಳಿಕೆ ಎಂದು ಹೇಳಿದರೆ ಹೇಗೆ ಎಂದು ಯೋಚಿಸಿ, ಹೇಳುವಾಗ ತನ್ನ ಮುಖ ಹೇಗಿರುತ್ತದೆ ಎಂದು ಕಲ್ಪಿಸಿಕೊಂಡ. ಅನಿಲ್‌ಕುಮಾರ್ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರುತ್ತಾನೆ. ಬೇಡ. ಮೊದಲು ಮಾಯಮ್ಮನಿಗೆ ಹೇಳೋಣ. ಪಾಪ, ಎರಡು ದಿನದಿಂದ ಏನು ನೊಂದುಕೊಂಡಿದ್ದಾಳೋ. ನಿನ್ನ ಕೈ ಅನ್ನ ಯಾರೂ ದೂರ ಮಾಡಿಲ್ಲಮ್ಮ ಎಂದು ಹೇಳಿದರೆ ಒಂದು ಭಾರ ಇಳಿದ ಹಾಗಾಗುತ್ತದೆ. ಯಾರ ಭಾರ ಎಂದು ತನ್ನನ್ನೇ ಕೇಳಿಕೊಳ್ಳುವ ಮೊದಲೇ ಊಟದ ಬೆಲ್ ಹೊಡೆಯಿತು.

ಜಗಲಿಯಲ್ಲಿ ಸಾಲು ಎಂದಿನಷ್ಟು ಉದ್ದವಿರಲಿಲ್ಲ. ಡಬ್ಬಿಯ ಮಕ್ಕಳು ಬೇರೆಯಾಗಿ, ಧ್ವಜಸ್ತಂಭದ ಕಟ್ಟೆಯ ಸುತ್ತ ಕೂತಿದ್ದವು. ಯಾರೂ ಹಾಗೆ ಕೂರಿ ಎಂದು ಹೇಳಿರಲಿಲ್ಲ, ಡಬ್ಬಿಗಳು ಒಂದರ ಹತ್ತಿರ ಒಂದು ಹೋಗಿ ಕೂತಿದ್ದವು ಅಷ್ಟೇ. ಯಾಕೆ ಎಂದು ಕೊನೆಗೂ ಒಂದು ಮಗುವನ್ನು ಕೇಳಿದ. ಅನ್ನ ಬಿಟ್ಟರೆ ಕೇಸ್ ಆಗುತ್ತದಂತೆ, ಅದಕ್ಕೆ ಅಮ್ಮ ಕಟ್ಟಿಕೊಟ್ಟಳು ಎಂದಿತು. ಅನುಶ್ರೀಯೂ ಅಲ್ಲೇ ಇದ್ದಳು. ಡಬ್ಬಿಯಲ್ಲಿ ಚಿತ್ರಾನ್ನ. ಒಂದೊಂದೇ ಅಗುಳು ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ಪಕ್ಕದಲ್ಲಿ ಅವಳ ಚಿಕ್ಕ ತಂಗಿ ಮನೆಗೆ ವರದಿ ಒಪ್ಪಿಸಲೆಂದು ನೋಡುತ್ತ ಕೂತಿತ್ತು. ಇವನು ಅಡುಗೆಮನೆಗೆ ಹೋದ. ಮಾಯಮ್ಮ ಈ ಹೊತ್ತಿಗೆ ಖಾಲಿಯಾಗಬೇಕಿದ್ದ ಅನ್ನದ ಪಾತ್ರೆಯ ಮೇಲೆ ತಟ್ಟೆ ಮುಚ್ಚುತ್ತಿದ್ದಳು. ಇವನು ಹೇಳಿದ. ತಡವರಿಸಿ, ಇಪ್ಪತ್ತೊಂದು ದಿನ, ರೀಲ್ಸು, ಮಣಿಕಟ್ಟು ಎಲ್ಲ ಹೇಳಿ, ಕೊನೆಗೆ, ಹಾಗಾಗಿ ನಿಮ್ಮ ಬಗ್ಗೆ ಅಲ್ಲ ಮಾಯಮ್ಮ, ನೀವು ಬೇಜಾರು ಮಾಡ್ಕೋಬೇಡಿ ಎಂದ.

“ನಂಗೊತ್ತಿತ್ತು ಸಾ,” ಎಂದಳು ಅವಳು.

ಕವನಾ ಮನೆಯಲ್ಲಿ ತಲೆ ಸುತ್ತಿ ಬಿದ್ದ ದಿನವೇ ಮಾಯಮ್ಮ ಅವಳ ಬಾಯಿ ಬಿಡಿಸಿದ್ದಳಂತೆ. ಶನಿವಾರ ಅದನ್ನೇ ಹೇಳಲು ಬಂದದ್ದಂತೆ. ದನಿ ಎತ್ತದೆ, ಸೌಟು ತೊಳೆಯುತ್ತಲೇ ಹೇಳುತ್ತಿದ್ದಳು. ಇವನನ್ನು ದೂರುತ್ತಿದ್ದಾಳೆ ಅನ್ನಿಸದಷ್ಟು ದಣಿದ ದನಿ.

“ಅನ್ನ ತಾನೆ ಬಿಟ್ಟಿರದು, ಅಸಿವು ಬಿಟ್ಟಿದ್ವಾ? ಮನೆಯಿಂದ ರಾಗಿ ಇಟ್ಟು ತಂದು ರೊಟ್ಟಿ ತಟ್ಕೊಡ್ತಿದ್ದೆ. ಬುಧವಾರದಿಂದ ಐದ್ ಜನಾನೂ ಇಂದ್ಗಡೆ ಬಾಗ್ಲಿಗೆ ಬತ್ತಿದ್ರು. ಅನಿಲಣ್ಣನ ಮಗ್ಳೇ ಮೊದ್ಲು ಕೈ ಒಡ್ಡಿದ್ದು. ಬಿಸಿ ಕಣವ್ವ ಅಂದ್ರೂ ಕೇಳ್ದೆ ಇಸ್ಕಂಡ್ಳು. ಸಾರ್ಗೆ ಯೋಳ್ಬ್ಯಾಡಿ ಅಂತ ನಾನೇ ಅಂದಿದ್ದೆ. ಮೆನು ಬಿಟ್ಟು ಬ್ಯಾರೆ ಮಾಡಂಗಿಲ್ಲ ಅಂತ ನೀವು ಬೈದಿದ್ರಲ್ಲ, ಅದ್ಕೆ.”

ಮೋಹನ್‌ಕುಮಾರ ಬಾಗಿಲ ಚೌಕಟ್ಟು ಹಿಡಿದುಕೊಂಡ. ತಿನ್ನುತ್ತಿದ್ದರು. ಇವನು ಕಾಯ್ದೆ ಓದುವ ಹೊತ್ತಿಗೆ, ಆ ಮಕ್ಕಳು ಇದೇ ಗೋಡೆಯ ಹಿಂದೆ ನಿಂತು ಇವಳ ಕೈಯಿಂದಲೇ, ತಟ್ಟೆಯೂ ಇಲ್ಲದೆ, ಕೈಯಿಂದ ಕೈಗೆ ಇಸ್ಕೊಂಡು ತಿಂದು ಮೂರು ದಿನವಾಗಿತ್ತು. ಒಲೆಯ ಪಕ್ಕ ಒಂದು ಪೇಪರಿನ ಮೇಲೆ ಐದು ಸಣ್ಣ ರೊಟ್ಟಿಗಳಿದ್ದವು, ಅಂಚು ಒಣಗಿ ಮೇಲೆದ್ದಿತ್ತು. ಅವನು ಅದನ್ನು ನೋಡುತ್ತಿರುವುದನ್ನು ಅವಳು ನೋಡಿದಳು.

“ಇವತ್ತೂ ತಟ್ಟಿವ್ನಿ. ಕವನಾನೂ ಬರ್ನಿಲ್ಲ. ಎಲ್ರೂ ನೋಡ್ತಾರೆ ಅಜ್ಜಿ, ಬ್ಯಾಡ ಅಂದ್ಳು. ನಾನು ಯಾರು ಅಂತ ಈ ಊರ್ಗೆ ಗೊತ್ತಿರ್ನಿಲ್ವಾ ಸಾ? ಗೊತ್ತಿತ್ತು. ಇಸ್ಕೂಲ್ ಒಳಗೆ ಬಂದ್ಮೇಲೆ ಮರ್ತಿದ್ರು. ನೀವು ಕುರ್ಚಿ ಆಕಿ ಗ್ಯಾಪ್ಕ ಮಾಡ್ಬುಟ್ರಿ.”

ಕ್ಷಮೆ ಕೇಳಬೇಕು ಅನ್ನಿಸಿತು. ಕೇಳಿದರೆ ಅವಳು, ಅಯ್ಯೋ ಬುಡಿ ಸಾ, ನೀವ್ಯಾಕೆ ಅಂಗೆಲ್ಲ ಅನ್ನಬೇಕಾಗುತ್ತದೆ. ಅದನ್ನು ಅನ್ನುವ ಕೆಲಸವನ್ನೂ ಅವಳ ಮೇಲೆ ಹೊರಿಸಿದಂತಾಗುತ್ತದೆ. ಪಟ್ಟಣದಲ್ಲಿ ಯಾವುದೋ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಖಾಲಿ ಇದೆಯಂತೆ, ತಿಂಗಳು ತುಂಬುವವರೆಗೆ ಇದ್ದು ಹೋಗುತ್ತೇನೆ ಎಂದು ಅವಳು ಅತ್ತ ತಿರುಗಿಕೊಂಡೇ ಹೇಳಿದಳು. ಇರಿ ಮಾಯಮ್ಮ, ಎಲ್ಲ ಸರಿಹೋಗುತ್ತದೆ ಎಂದು ಇವನು ಅಂದ. ಅವಳು ಒಲೆಯ ಪಕ್ಕದ ರೊಟ್ಟಿಗಳನ್ನು ಅದೇ ಪೇಪರಿನಲ್ಲಿ ಸುತ್ತಿಟ್ಟಳು. ಇವನಿಗೆ ಎಲ್ಲಾದರೂ ಒಂದು ಮೂಲೆಯಲ್ಲಿ ಮಲಗಿಬಿಟ್ಟರೆ ಸಾಕಾಗಿತ್ತು.

ಆಗ ಬಾಗಿಲಿಗೆ ಎರಡನೇ ತರಗತಿಯ ರುಕ್ಮಿಣಿ ಬಂದಳು. ಮೇಲಿನ ಬೀದಿಯ ಮಗು, ಡಬ್ಬಿ ತಂದಿರಲಿಲ್ಲ. ತಟ್ಟೆ ಖಾಲಿ ಮಾಡಿ ಸಾರು ನೆಕ್ಕಿದ ಗುರುತು ಗಲ್ಲದ ಮೇಲಿತ್ತು. ಮಾಯಮ್ಮನ ಮುಖದಲ್ಲಿ ಬೆಳಿಗ್ಗೆಯಿಂದ ಇಲ್ಲದ ಒಂದು ಬೆಳಕು ಬಂತು. ಬಾರವ್ವ, ಇನ್ನೊಸಿ ಆಕ್ಲಾ ಎಂದು ಸಾರಿನ ಪಾತ್ರೆಯ ಮುಚ್ಚಳ ತೆಗೆದು ಸೌಟು ತುಂಬಿದಳು. ಮಗು ಒಂದು ಹೆಜ್ಜೆ ಒಳಗಿಟ್ಟಿತು. ಬಾಗಿಲ ಪಕ್ಕದಲ್ಲಿದ್ದ ಹೆಡ್‌ಮಾಸ್ಟರನ್ನು ಕಂಡು ಅಲ್ಲೇ ನಿಂತಿತು. ಚಾಚಿದ್ದ ತಟ್ಟೆಯನ್ನು ಹಿಂದಕ್ಕೆ ಎದೆಗೆ ತಂದುಕೊಂಡು, ಅವನ ಮುಖ ನೋಡಿ, ಬಹಳ ವಿಧೇಯವಾಗಿ ಕೇಳಿತು.

“ಇವ್ರತ್ರ ಇಸ್ಕಬೌದಾ ಸಾ?”

ಸೌಟು ಗಾಳಿಯಲ್ಲೇ ನಿಂತಿತ್ತು, ಸಾರು ತೊಟ್ಟಿಕ್ಕುತ್ತಿತ್ತು. ಮಾಯಮ್ಮನೂ ಅವನ ಕಡೆಯೇ ನೋಡುತ್ತಿದ್ದಳು, ಅವನು ಏನು ಹೇಳುತ್ತಾನೆಂದು ಕಾಯುವವಳಂತೆ. ಇಬ್ಬರೂ ಕಾಯುತ್ತಿದ್ದರು.

“ಇಸ್ಕೊ,” ಎಂದ ಅವನು.